‘ಸಮ’ ಗುಂಡಿ ಇಲ್ಲದ ಲೆಕ್ಕದ ಪೆಟ್ಟಿಗೆ

ಬನ್ನಿ ಮಕ್ಕಳೇ, ಇಲ್ಲಿ ಕಿಟಕಿಯ ಹತ್ತಿರ ಕೂತುಕೊಳ್ಳಿ. ನನ್ನ ಅಂಗೈ ಮೇಲೆ ಏನಿದೆ ನೋಡಿ. ಸೋಪಿನ ಡಬ್ಬಿಗಿಂತ ಕೊಂಚ ಉದ್ದ. ಎತ್ತಿದರೆ ಕಾಲು ಕಿಲೋ ಸಕ್ಕರೆ ಪೊಟ್ಟಣದಷ್ಟು ಭಾರ. ಮೈಮೇಲೆ ಸಾಲುಸಾಲಾಗಿ ಗುಂಡಿಗಳು, ಎಣಿಸಿದರೆ ಸರಿಯಾಗಿ 35. ನಿಮ್ಮಲ್ಲಿ ಯಾರಾದರೂ ಒಬ್ಬರು ಮುಂದೆ ಬಂದು ಇದರಲ್ಲಿ ಮೂರು ಮತ್ತು ನಾಲ್ಕನ್ನು ಕೂಡಿಸಿ, ನೋಡೋಣ.

3 ಒತ್ತಿದಿರಿ. + ಒತ್ತಿದಿರಿ. 4 ಒತ್ತಿದಿರಿ. ಈಗ ಎರಡು ಅಡ್ಡಗೆರೆ ಇರುವ ‘ಸಮ’ದ ಗುಂಡಿ ಬೇಕಲ್ಲ, ಹುಡುಕಿ. ಮೇಲಿನ ಸಾಲಿನಲ್ಲಿ ಇಲ್ಲ, ಕೆಳಗಿನ ಸಾಲಿನಲ್ಲೂ ಇಲ್ಲ. ಪೆಟ್ಟಿಗೆ 4 ಎಂದು ತೋರಿಸಿಕೊಂಡು ಸುಮ್ಮನೆ ಕೂತಿದೆ! ಕೆಟ್ಟುಹೋಗಿದೆ ಅಂದುಕೊಳ್ಳಬೇಡಿ. ಇದು ಹುಟ್ಟಿದ್ದೇ ಹೀಗೆ. ಇದರ ಹತ್ತಿರ ಮಾತಾಡುವ ರೀತಿ ಬೇರೆ, ಅಷ್ಟೇ. ಆ ರೀತಿ ನಿಮಗೆ ಆಗಲೇ ಗೊತ್ತು. ಹೇಗೆ ಅಂತ ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಮೊದಲು ಇದರ ಹುಟ್ಟೂರು ಕೇಳಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಎಂಬ ಕಂಪನಿ ಇತ್ತು. ಜನ ಅದನ್ನು ಎಚ್‌ಪಿ ಎನ್ನುತ್ತಾರೆ. 1972ರ ಜನವರಿಯಲ್ಲಿ ಅದು ಈ ಪೆಟ್ಟಿಗೆಯನ್ನು ಹೊರತಂದಿತು. ಗುಂಡಿ 35 ಇದ್ದದ್ದಕ್ಕೆ ಹೆಸರೂ ಎಚ್‌ಪಿ-35. ಕೂಡುವ, ಕಳೆಯುವ ಸಣ್ಣ ಯಂತ್ರಗಳು ಅದಕ್ಕೂ ಮೊದಲೇ ಬಂದಿದ್ದವು. ಆದರೆ ಎಂಜಿನಿಯರುಗಳಿಗೂ ವಿಜ್ಞಾನಿಗಳಿಗೂ ಬೇಕಾದ ಸೈನ್, ಕಾಸ್, ಟ್ಯಾನ್, ಲಾಗ್ ಎಂಬ ಕಷ್ಟದ ಲೆಕ್ಕಗಳನ್ನೂ ಮಾಡಬಲ್ಲ, ಜೇಬಿಗೆ ಹಿಡಿಸುವ ಯಂತ್ರ ಇದೇ ಮೊದಲನೆಯದು. ಈ ಹೆಸರುಗಳಿಗೆ ಹೆದರಬೇಡಿ. ಅದರಲ್ಲಿ ಒಂದನ್ನು ಇವತ್ತು ನಮ್ಮ ಅಂಗಳದಲ್ಲೇ ಹಿಡಿದು ನೋಡೋಣ.

ಹಾಗಾದರೆ ಅದಕ್ಕೂ ಮುಂಚೆ ಜನ ಏನು ಮಾಡುತ್ತಿದ್ದರು? ನಿಮ್ಮ ಕಂಪಾಸ್ ಬಾಕ್ಸಿನಿಂದ ಒಂದು ಸ್ಕೇಲು ತೆಗೆಯಿರಿ, ಪಕ್ಕದವರ ಹತ್ತಿರ ಇನ್ನೊಂದು ಕೇಳಿ. ಎರಡನ್ನೂ ಒಂದರ ಅಂಚಿಗೆ ಇನ್ನೊಂದು ತಾಗುವ ಹಾಗೆ ಇಡಿ. ಕೆಳಗಿನ ಸ್ಕೇಲಿನ 3ರ ಗೆರೆಗೆ ಮೇಲಿನ ಸ್ಕೇಲಿನ ಸೊನ್ನೆ ಬರುವಂತೆ ಸರಿಸಿ. ಈಗ ಮೇಲಿನ ಸ್ಕೇಲಿನಲ್ಲಿ 4 ಎಲ್ಲಿದೆಯೋ ಅದರ ಕೆಳಗೆ ಕಣ್ಣು ಹಾಯಿಸಿ. 7 ಕಾಣಿಸಿತಲ್ಲ? ಎರಡು ಸ್ಕೇಲು ಸೇರಿ ಲೆಕ್ಕ ಮಾಡಿಬಿಟ್ಟವು.

ಗೆರೆಗಳನ್ನು ಸಮವಾಗಿ ಎಳೆಯುವ ಬದಲು, ಮುಂದೆ ಮುಂದೆ ಹೋದಂತೆ ಒತ್ತೊತ್ತಾಗಿ ಎಳೆದರೆ ಇದೇ ಸರಿಸಾಟದಲ್ಲಿ ಗುಣಾಕಾರ ಸಿಗುತ್ತದೆ. ಅಂಥ ಪಟ್ಟಿಗೆ ಸ್ಲೈಡ್ ರೂಲ್ ಎಂದು ಹೆಸರು. ಸುಮಾರು ಮುನ್ನೂರೈವತ್ತು ವರ್ಷ ಲೋಕದ ಎಂಜಿನಿಯರುಗಳ ಕೈಯಲ್ಲಿ ಇದ್ದದ್ದು ಅದೇ. ತೊಂದರೆ ಏನೆಂದರೆ ಗೆರೆಗಳ ನಡುವೆ ಕಣ್ಣಂದಾಜಿನಲ್ಲಿ ಓದಬೇಕು, ಅದಕ್ಕೇ ಉತ್ತರದಲ್ಲಿ ಮೂರು ಅಂಕಿಗಿಂತ ಹೆಚ್ಚು ನಂಬುವ ಹಾಗಿರಲಿಲ್ಲ. ಇನ್ನೂ ನಿಖರವಾಗಿ ಬೇಕಿದ್ದವರು ಲಾಗ್ ಟೇಬಲ್ ಪುಸ್ತಕ ತೆರೆದು, ಇರುವೆ ಸಾಲಿನಂತಹ ಅಂಕಿಗಳಲ್ಲಿ ಬೆರಳಿಟ್ಟು ಹುಡುಕುತ್ತಿದ್ದರು. ನಿಮ್ಮ ಮನೆಯಲ್ಲಿ ಪಿಯುಸಿ ಓದಿದ ದೊಡ್ಡವರು ಇದ್ದರೆ ಕೇಳಿ ನೋಡಿ, ಆ ಪುಸ್ತಕದ ಕಥೆ ಹೇಳುತ್ತಾರೆ.

ಎಚ್‌ಪಿ ಕಂಪನಿಯವರು 1968ರಲ್ಲಿ ಇಂಥ ಲೆಕ್ಕಗಳಿಗೆಂದೇ ಒಂದು ಯಂತ್ರ ಮಾಡಿದ್ದರು. ಬಹಳ ಜಾಣ ಯಂತ್ರ. ಆದರೆ ಮೇಜಿನ ಮೇಲೇ ಇರಬೇಕು, ಏಕೆಂದರೆ ತೂಕ ಸುಮಾರು 18 ಕಿಲೋ. ಯುಕೆಜಿಗೆ ಹೋಗುವ ನಿಮ್ಮ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡ ಹಾಗೆ! ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಬಿಲ್ ಹ್ಯೂಲೆಟ್‌ಗೆ ಆ ಯಂತ್ರ ತುಂಬ ಇಷ್ಟವಾಯಿತು. ಆದರೂ ಅವರು ಕೇಳಿದ್ದು ಒಂದೇ: ಇದು ನನ್ನ ಅಂಗಿ ಜೇಬಿನಲ್ಲಿ ಕೂರುವಷ್ಟು ಚಿಕ್ಕದಾಗಬೇಕು. ಮಕ್ಕಳು ಇಡುವಂಥ ಬೇಡಿಕೆ ಇದು. ನನಗೆ ಅವರ ಮೇಲೆ ಪ್ರೀತಿ ಬರುವುದು ಅದಕ್ಕೇ.

ಅಷ್ಟು ದುಬಾರಿ ವಸ್ತುವನ್ನು ಯಾರೂ ಕೊಳ್ಳುವುದಿಲ್ಲ ಎಂದು ಮಾರುಕಟ್ಟೆ ಬಲ್ಲವರು ಹೇಳಿದರು. ಹ್ಯೂಲೆಟ್ ಬಿಡಲಿಲ್ಲ. ಸಾಮಾನ್ಯವಾಗಿ ಯಂತ್ರದ ಒಳಗಿನ ಸಾಮಾನು ಮೊದಲು ಮಾಡಿ, ಆಮೇಲೆ ಅದಕ್ಕೆ ಡಬ್ಬಿ ಹೊಲಿಸುತ್ತಾರೆ. ಇಲ್ಲಿ ತಿರುಗಾಮುರುಗಾ ಆಯಿತು. ಕೈಗೆ ಒಗ್ಗುವ ಆಕಾರವನ್ನು ಮೊದಲು ಗೊತ್ತುಮಾಡಿಕೊಂಡರು, ಅದರೊಳಗೆ ಎಲ್ಲವನ್ನೂ ತುರುಕುವ ಕೆಲಸವನ್ನು ಎಂಜಿನಿಯರುಗಳಿಗೆ ಬಿಟ್ಟರು. ಬೆಲೆ 395 ಡಾಲರ್. ಆಗಿನ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂರು ಸಾವಿರ ರೂಪಾಯಿ, ಆ ಕಾಲಕ್ಕೆ ಬಹಳ ದೊಡ್ಡ ದುಡ್ಡು. ಆದರೂ ಮೊದಲ ವರ್ಷವೇ ಒಂದು ಲಕ್ಷದಷ್ಟು ಮಾರಾಟವಾಯಿತು. ನಾಲ್ಕೈದು ವರ್ಷದೊಳಗೆ ಸ್ಲೈಡ್ ರೂಲ್ ಮಾಡುವ ಕಾರ್ಖಾನೆಗಳು ಒಂದೊಂದಾಗಿ ಆ ಕೆಲಸ ನಿಲ್ಲಿಸಿದವು.

ಈಗ ನಮ್ಮ ‘ಸಮ’ದ ಗುಂಡಿಗೆ ಬರೋಣ. ನಿಮ್ಮ ಅಜ್ಜಿ ಲೆಕ್ಕ ಹೇಳಿಕೊಡುವಾಗ ಏನನ್ನುತ್ತಾರೆ? “ಮೂರಕ್ಕೆ ನಾಲ್ಕು ಕೂಡಿಸು.” ಮಾತನ್ನು ಬಿಡಿಸಿ ನೋಡಿ. ಮೊದಲು ಮೂರು ಬಂತು, ಆಮೇಲೆ ನಾಲ್ಕು ಬಂತು, ಕೊನೆಗೆ ಏನು ಮಾಡಬೇಕು ಎಂಬುದು ಬಂತು. ಇಂಗ್ಲಿಷಿನಲ್ಲಿ ಹೀಗಲ್ಲ, ಅಲ್ಲಿ ‘ಕೂಡಿಸು’ ಎಂಬುದೇ ಮೊದಲು ಓಡಿಬರುತ್ತದೆ. ನಮ್ಮ ಕನ್ನಡದಲ್ಲಿ ಸಾಮಾನೆಲ್ಲ ಮುಂದೆ, ಕೆಲಸ ಕೊನೆಗೆ.

ಈ ಪೆಟ್ಟಿಗೆಗೂ ಹಾಗೆಯೇ ಹೇಳಬೇಕು! 3 ಒತ್ತಿ. ಅಗೋ ಅಲ್ಲಿ ಅಗಲವಾದ ಗುಂಡಿ, ಅದರ ಹೆಸರು ಎಂಟರ್, ಅದನ್ನು ಒತ್ತಿ. 4 ಒತ್ತಿ. ಈಗ +. ನೋಡಿ, 7 ಬಂದೇ ಬಿಟ್ಟಿತು. ‘ಕೂಡಿಸು’ ಎಂದ ಮೇಲೆ ಕೂಡಿಸುವುದಷ್ಟೇ ಬಾಕಿ, ಇನ್ನು ‘ಸಮ’ ಎಂದು ಹೇಳುವ ಅಗತ್ಯವೇ ಇಲ್ಲ. ಅಮೆರಿಕದಲ್ಲಿ ಈ ರೀತಿಯನ್ನು ಕಲಿಯಲು ಜನ ಕೈಪಿಡಿ ಓದಬೇಕಾಯಿತು. ನೀವು ಮನೆಯಲ್ಲಿ ಮಾತು ಕಲಿತಾಗಲೇ ಇದನ್ನೂ ಕಲಿತುಬಿಟ್ಟಿದ್ದೀರಿ.

ಎಂಟರ್ ಒತ್ತಿದಾಗ ಒಳಗೆ ಏನಾಗುತ್ತದೆ? ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಾರಲ್ಲ, ಹಾಗೆ ಈ ಯಂತ್ರದೊಳಗೆ ನಾಲ್ಕು ಸಂಖ್ಯೆಗಳನ್ನು ಪೇರಿಸಿಡಲು ಜಾಗ ಇದೆ. ಸಂಖ್ಯೆ ಹಾಕುತ್ತಾ ಹೋದರೆ ಅಟ್ಟಿ ಬೆಳೆಯುತ್ತದೆ. + ಎಂದರೆ ಕೊನೆಯಲ್ಲಿ ಇಟ್ಟ ಎರಡು ತಟ್ಟೆ ಎತ್ತಿಕೊಂಡು, ಎರಡರಲ್ಲಿರುವುದನ್ನೂ ಒಂದಕ್ಕೆ ಸುರಿದು, ಆ ಒಂದನ್ನು ಮತ್ತೆ ಅಟ್ಟಿಯ ಮೇಲೆ ಇಡುತ್ತದೆ.

ಇದರ ಚೆಂದ ದೊಡ್ಡ ಲೆಕ್ಕದಲ್ಲಿ ತಿಳಿಯುತ್ತದೆ. ಮಸಾಲೆ ದೋಸೆ ಹೇಗೆ ಮಾಡುತ್ತಾರೆ ನೆನೆಸಿಕೊಳ್ಳಿ. ಅಕ್ಕಿ, ಉದ್ದು, ರುಬ್ಬು. ಹಿಟ್ಟಾಯಿತು, ಪಕ್ಕಕ್ಕಿಡು. ಆಲೂಗಡ್ಡೆ, ಈರುಳ್ಳಿ, ಬಾಡಿಸು. ಪಲ್ಯವಾಯಿತು. ಈಗ ದೋಸೆಯೊಳಗೆ ಪಲ್ಯ ಸೇರಿಸು. ಅಡುಗೆ ಮಾಡುವವರು ಎಲ್ಲಾದರೂ ಕಂಸ ಹಾಕುತ್ತಾರೆಯೇ? ಹಾಗೆಯೇ ಶಾಲೆಯಲ್ಲಿ (3+4)×(5+6) ಎಂದು ಬರೆಯುವುದನ್ನು ಇಲ್ಲಿ ಹೀಗೆ ಹೇಳಿದರೆ ಸಾಕು: 3 ಎಂಟರ್ 4 ಕೂಡಿಸು, 5 ಎಂಟರ್ 6 ಕೂಡಿಸು, ಗುಣಿಸು. ಮೊದಲ 7 ತಾನಾಗಿಯೇ ಅಟ್ಟಿಯಲ್ಲಿ ಕಾದು ಕೂತಿರುತ್ತದೆ, 11 ಬಂದು ಜೊತೆಯಾಗುತ್ತದೆ, ಉತ್ತರ 77. ಕಂಸವೂ ಬೇಡ, ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದೂ ಬೇಡ. ನಡುವೆ ಬಂದ ಉತ್ತರಗಳೆಲ್ಲ ಕಣ್ಣೆದುರೇ ಕಾಣಿಸುತ್ತವೆ, ಹಿಟ್ಟು ಹದವಾಗಿದೆಯೇ ಎಂದು ಅಮ್ಮ ಬೆರಳಾಡಿಸಿ ನೋಡುವ ಹಾಗೆ.

ಕಂಸವಿಲ್ಲದೆ ಬರೆಯುವ ಈ ದಾರಿಯ ಮೂಲ ಹುಡುಕಿದರೆ ನಾವು 1920ರ ದಶಕದ ಪೋಲೆಂಡಿಗೆ ಹೋಗುತ್ತೇವೆ. ಯಾನ್ ವುಕಾಶೇವಿಚ್ ಎಂಬ ತರ್ಕಶಾಸ್ತ್ರಜ್ಞರು ಕೆಲಸದ ಗುರುತನ್ನು ಸಂಖ್ಯೆಗಳ ಮುಂದೆ ಬರೆದರೆ ಕಂಸವೇ ಬೇಕಾಗುವುದಿಲ್ಲ ಎಂದು ಕಂಡುಕೊಂಡರು. ಆಮೇಲೆ ಬಂದವರು ಅದನ್ನು ತಿರುಗಿಸಿ ಹಿಂದಕ್ಕೆ ಇಟ್ಟರು. ಅದಕ್ಕೇ ಇದನ್ನು ‘ತಿರುಗಿಸಿದ ಪೋಲಿಷ್ ಬರಹ’ ಎನ್ನುತ್ತಾರೆ. ನಾನಂತೂ ಮನಸ್ಸಿನಲ್ಲಿ ಕನ್ನಡದ ಬರಹ ಎಂದೇ ಕರೆಯುತ್ತೇನೆ.

ಈಗ ಕಿಟಕಿಯಾಚೆ ನೋಡಿ. ಅಲ್ಲಿ ತೆಂಗಿನ ಮರ ಇದೆಯಲ್ಲ, ಅದರ ಎತ್ತರ ಎಷ್ಟು? ಹತ್ತದೆ ಹೇಳಬೇಕು. ಮರದಿಂದ 10 ಮೀಟರ್ ದೂರ ನಿಂತು, ಮರದ ತುದಿಯನ್ನು ನೋಡಲು ಕತ್ತನ್ನು ಎಷ್ಟು ಎತ್ತಬೇಕು ಎಂದು ಕೋನಮಾಪಕದಲ್ಲಿ ಅಳೆಯೋಣ. ಬೆಳಿಗ್ಗೆ ನಾನು ಅಳೆದಾಗ 52 ಡಿಗ್ರಿ ಬಂತು. ಈಗ ಇಷ್ಟು ಗೊತ್ತಾದರೆ ಸಾಕು: 52 ಡಿಗ್ರಿಯ ಏರಿನಲ್ಲಿ ಒಂದು ಹೆಜ್ಜೆ ಮುಂದೆ ಹೋದರೆ ಎಷ್ಟು ಹೆಜ್ಜೆ ಮೇಲೆ ಹೋದ ಹಾಗಾಗುತ್ತದೆ? ಆ ಸಂಖ್ಯೆಗೇ ಟ್ಯಾನ್ ಎಂದು ಹೆಸರು. ನೋಡಿದಿರಾ, ಹೆದರಿಸುತ್ತಿದ್ದ ಹೆಸರು ಬರೀ ಏರುದಾರಿ!

ಇಂಥ ಸಂಖ್ಯೆಗಳ ಪಟ್ಟಿ ಮಾಡುವುದು ನಮ್ಮ ನಾಡಿನಲ್ಲಿ ಬಹಳ ಹಳೆಯ ಕೆಲಸ. ಆರ್ಯಭಟರು ಸಾವಿರದೈನೂರು ವರ್ಷಗಳ ಹಿಂದೆ 24 ಜ್ಯಾಗಳ ಪಟ್ಟಿಯನ್ನು ಒಂದೇ ಒಂದು ಶ್ಲೋಕದಲ್ಲಿ ಅಡಗಿಸಿಟ್ಟಿದ್ದರು. ಜ್ಯಾ ಎಂದರೆ ಈಗಿನ ಸೈನ್‌ನ ಅಜ್ಜಿ. ಆದರೆ ನಮ್ಮ ಪೆಟ್ಟಿಗೆಯೊಳಗೆ ಅಷ್ಟುದ್ದದ ಪಟ್ಟಿ ಯಾವುದೂ ಇಲ್ಲ. ಜಾಗವೇ ಇಲ್ಲ. ನೀವು ಕೇಳಿದಾಗ ಅದು ಆ ಕ್ಷಣದಲ್ಲೇ ಉತ್ತರವನ್ನು ಹುಟ್ಟಿಸುತ್ತದೆ. ಅದು ಹೇಗೆ ಎನ್ನುವುದು ಈ ಯಂತ್ರದಲ್ಲಿ ನನಗೆ ಅತಿ ಇಷ್ಟವಾದ ಭಾಗ. ನಿಧಾನವಾಗಿ ಹೋಗೋಣ.

ಹಿಂದೆ ಅಕ್ಕಿ ಅಳೆಯುವಾಗ ಮೊದಲು ಸೇರಿನಲ್ಲಿ ಅಳೆಯುತ್ತಿದ್ದರು. ಸೇರು ತುಂಬದಷ್ಟು ಉಳಿದರೆ ಪಾವು, ಪಾವೂ ತುಂಬದಿದ್ದರೆ ಚಟಾಕು. ಯಂತ್ರವೂ ಕೋನವನ್ನು ಹೀಗೇ ಅಳೆಯುತ್ತದೆ. ಅದರ ಸೇರು ಎಂದರೆ ‘ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಮೇಲೆ’ ಎಂಬ ಏರು, 45 ಡಿಗ್ರಿ. ಪಾವು ಎಂದರೆ ‘ಹತ್ತು ಮುಂದೆ, ಒಂದು ಮೇಲೆ’, ಸುಮಾರು 5.71 ಡಿಗ್ರಿ. ಚಟಾಕು ಎಂದರೆ ‘ನೂರು ಮುಂದೆ, ಒಂದು ಮೇಲೆ’, ಸುಮಾರು 0.573 ಡಿಗ್ರಿ. ಇನ್ನೂ ಚಿಕ್ಕ ಅಳತೆಗಳೂ ಇವೆ.

ನಮ್ಮ 52 ಡಿಗ್ರಿಯನ್ನು ಅಳೆಯೋಣ. ಒಂದು ಸೇರು, 45. ಉಳಿದದ್ದು 7. ಒಂದು ಪಾವು, 5.71. ಉಳಿದದ್ದು 1.29. ಚಟಾಕು ಎರಡು ಸಲ ಹಿಡಿಯುತ್ತದೆ, 1.146. ಈಗ ತಳದಲ್ಲಿ ಉಳಿದದ್ದು ಚೂರೇ ಚೂರು, 0.144.

ಈಗ ಒಂದು ಕೋಲು ನೆಲದ ಮೇಲೆ ಮಲಗಿದೆ ಎಂದುಕೊಳ್ಳಿ. ಪ್ರತಿ ಅಳತೆಗೂ ಅದನ್ನು ಅಷ್ಟಷ್ಟೇ ಎತ್ತಬೇಕು. ಒಂದು ಸೇರು ಎತ್ತಿದಾಗ ಕೋಲಿನ ತುದಿ ಮುಂದೆ 1, ಮೇಲೆ 1 ಇದೆ. ಪಾವಿನಷ್ಟು ಎತ್ತುವಾಗ ತುದಿ ಕೊಂಚ ಮೇಲೇರುತ್ತದೆ, ಕೊಂಚ ಹಿಂದಕ್ಕೂ ಬರುತ್ತದೆ. ಎಷ್ಟು? ‘ಮೇಲೆ’ ಇದ್ದುದರ ಹತ್ತನೇ ಒಂದು ಪಾಲನ್ನು ‘ಮುಂದೆ’ಯಿಂದ ಕಳೆಯಿರಿ, ‘ಮುಂದೆ’ ಇದ್ದುದರ ಹತ್ತನೇ ಒಂದು ಪಾಲನ್ನು ‘ಮೇಲೆ’ಗೆ ಕೂಡಿಸಿ. ಮುಂದೆ 0.9 ಆಯಿತು, ಮೇಲೆ 1.1 ಆಯಿತು. ಚಟಾಕಿಗೆ ಬಂದಾಗ ಹತ್ತನೇ ಪಾಲಿನ ಬದಲು ನೂರನೇ ಪಾಲು, ಅದನ್ನು ಎರಡು ಸಲ. ಮುಂದೆ 0.87791, ಮೇಲೆ 1.11789. ಮೇಲಿನದನ್ನು ಮುಂದಿನದರಿಂದ ಭಾಗಿಸಿದರೆ 1.273. ನಿಜವಾದ ಉತ್ತರ 1.27994. ನಾಲ್ಕೇ ಸಲ ಕೋಲು ಎತ್ತಿ ನಾವು ಎಷ್ಟು ಹತ್ತಿರ ಬಂದೆವು ನೋಡಿ! ಇನ್ನೂ ಚಿಕ್ಕ ಅಳತೆಗಳನ್ನು ಹಿಡಿಯುತ್ತಾ ಹೋದರೆ ಉಳಿದ ಅಂಕಿಗಳೂ ಸಾಲಾಗಿ ಬಂದು ನಿಲ್ಲುತ್ತವೆ.

ಹತ್ತನೇ ಪಾಲು ಮಾಡುವುದಕ್ಕೆ ಭಾಗಾಕಾರ ಬೇಕೇ? ಬೇಡ. ಚುಕ್ಕಿಯನ್ನು ಒಂದು ಮನೆ ಸರಿಸಿದರೆ ಆಯಿತು. ಹಾಗಾಗಿ ಕೋಲು ಎತ್ತುವ ಕೆಲಸ ಪೂರ್ತಿ ಕೂಡುವುದು, ಕಳೆಯುವುದು, ಚುಕ್ಕಿ ಸರಿಸುವುದು, ಅಷ್ಟರಲ್ಲೇ ಮುಗಿಯುತ್ತದೆ. ಮೂರನೇ ತರಗತಿಯ ಕೂಡು-ಕಳೆ ಬಲ್ಲ ಯಂತ್ರ ಕಾಲೇಜಿನ ಲೆಕ್ಕ ಮಾಡಿಬಿಡುತ್ತದೆ. ಕೋಲು ತಿರುಗಿಸುವ ಈ ಉಪಾಯವನ್ನು ಜ್ಯಾಕ್ ವೋಲ್ಡರ್ ಎಂಬ ಎಂಜಿನಿಯರ್ 1956ರ ಹೊತ್ತಿಗೆ ವಿಮಾನಕ್ಕೆ ದಾರಿ ತೋರಿಸುವ ಕಂಪ್ಯೂಟರಿಗಾಗಿ ಹೊಂದಿಸಿದ್ದರು. ಎಚ್‌ಪಿಯ ಡೇವ್ ಕಾಕ್ರನ್ ಅಂಥ ಉಪಾಯಗಳನ್ನು ಈ ಪುಟ್ಟ ಪೆಟ್ಟಿಗೆಗೆ ಅಳವಡಿಸಿದರು. ಒಳಗಿನ ಆಜ್ಞೆಗಳೆಲ್ಲ ಸೇರಿ 768. ನಿಮ್ಮ ಗೆರೆ ನೋಟ್‌ಬುಕ್ಕಿನಲ್ಲಿ ಸಾಲಿಗೊಂದರಂತೆ ಬರೆದರೆ ಮೂವತ್ತು ಪುಟದ ಆಸುಪಾಸು. ಅಷ್ಟರಲ್ಲೇ ಎಲ್ಲವೂ.

ಅದಕ್ಕಿಂತಲೂ ಇಕ್ಕಟ್ಟಿನಲ್ಲಿ ಸಂಸಾರ ಹೂಡಿದ ಇನ್ನೊಂದು ಯಂತ್ರ ಇತ್ತು. 1974ರಲ್ಲಿ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಬರೀ ಕೂಡು-ಕಳೆ-ಗುಣಿಸು-ಭಾಗಿಸು ಮಾಡಲೆಂದು ತಯಾರಾದ ಚಿಪ್ ತೆಗೆದುಕೊಂಡು ಅದಕ್ಕೇ ಸೈನ್, ಲಾಗ್ ಕಲಿಸಿತು. ಅದರಲ್ಲಿ 320 ಆಜ್ಞೆಗಳಿಗಷ್ಟೇ ಜಾಗ. ಪೈ ಮೊದಲಾದ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಲು ಎಡೆಯಿಲ್ಲದೆ, ಅವನ್ನು ಯಂತ್ರದ ಮೈಮೇಲೆಯೇ ಅಚ್ಚುಹಾಕಿದರು, ಬೇಕಾದಾಗ ಓದಿ ಒತ್ತಿಕೊಳ್ಳಲಿ ಎಂದು. ಕೆಲವು ಉತ್ತರಗಳಿಗೆ ಹಲವು ಸೆಕೆಂಡು ಕಾಯಬೇಕಿತ್ತು. ಆದರೂ ಬೆಲೆ ಕಡಿಮೆ, ವಿದ್ಯಾರ್ಥಿಗಳ ಕೈಗೆ ಎಟುಕಿತು.

ನಮ್ಮ ಪೆಟ್ಟಿಗೆಯೂ ಒಮ್ಮೆ ತಪ್ಪಿದ್ದುಂಟು. ಇದರಲ್ಲಿ ಜೋಡಿ ಗುಂಡಿಗಳಿವೆ. ಒಂದು ಗಂಟು ಹಾಕುತ್ತದೆ, ಇನ್ನೊಂದು ಬಿಚ್ಚುತ್ತದೆ. ಗಂಟು ಹಾಕಿ ಬಿಚ್ಚಿದರೆ ಮೊದಲಿದ್ದದ್ದೇ ಸಿಗಬೇಕಲ್ಲ? ಮೊದಮೊದಲ ಯಂತ್ರಗಳಲ್ಲಿ 2.02 ಹಾಕಿ ಗಂಟು ಹಾಕಿ ಬಿಚ್ಚಿದರೆ ಬರೀ 2 ಬರುತ್ತಿತ್ತು. ಆ 0.02 ಎಲ್ಲೋ ಜಾರಿಹೋಗುತ್ತಿತ್ತು. ಕಂಪನಿಯವರು ಮುಚ್ಚಿಡಲಿಲ್ಲ. ಕೊಂಡವರಿಗೆ ಕಾಗದ ಬರೆದು, ಬೇಕಾದರೆ ಸರಿಯಾದದ್ದನ್ನು ಕೊಡುತ್ತೇವೆ ಎಂದರು. ತಪ್ಪಿದ್ದ ಆ ಯಂತ್ರಗಳನ್ನೇ ಈಗ ಹಳೆಯ ಕ್ಯಾಲ್ಕುಲೇಟರ್ ಸಂಗ್ರಹಿಸುವವರು ಆಸೆಯಿಂದ ಹುಡುಕುತ್ತಾರೆ!

ಪರದೆಯ ಮೇಲಿನ ಈ ಕೆಂಪು ಅಂಕಿಗಳನ್ನು ಹತ್ತಿರದಿಂದ ನೋಡಿ. ದಾಳಿಂಬೆ ಕಾಳಿನ ಹಾಗೆ ಹೊಳೆಯುತ್ತವೆ. ಎಲ್ಲವೂ ಒಟ್ಟಿಗೆ ಉರಿಯುತ್ತಿವೆ ಅನ್ನಿಸುತ್ತದೆ. ಹಾಗಲ್ಲ, ಒಂದಾದ ಮೇಲೆ ಒಂದು ಮಿನುಗುತ್ತವೆ, ಆದರೆ ಬಹಳ ಬೇಗ. ದೀಪಾವಳಿಯಲ್ಲಿ ಸುರುಸುರುಬತ್ತಿಯನ್ನು ಗಿರಗಿರನೆ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದಲ್ಲ, ಅದೇ ಕಣ್ಕಟ್ಟು. ಹೀಗೆ ಸರದಿಯಲ್ಲಿ ಉರಿಸಿದರೂ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಸುಸ್ತಾಗುತ್ತಿತ್ತು. ಆಮೇಲೆ ಬೂದುಬಣ್ಣದ ಎಲ್‌ಸಿಡಿ ಪರದೆಯ ತೆಳು ಯಂತ್ರಗಳು ಬಂದವು. ಅವುಗಳಲ್ಲಿ ಬಟನ್ ಸೆಲ್ಲುಗಳೇ ವರ್ಷಗಟ್ಟಲೆ ಬಾಳುತ್ತವೆ.

ಗುಂಡಿ ಒತ್ತಿ ನೋಡಿ. ಟಕ್. ಬೆರಳಿಗೆ ತಿಳಿಯಿತಲ್ಲ? ಒತ್ತಿದ್ದು ತಾಗಿತೋ ಇಲ್ಲವೋ ಎಂದು ಪರದೆ ನೋಡುವ ಕೆಲಸವಿಲ್ಲ. ಅಂಕಿಗಳನ್ನು ಗುಂಡಿಯ ಮೇಲೆ ಬಣ್ಣದಲ್ಲಿ ಬರೆದಿಲ್ಲ. ಒಂದು ಬಣ್ಣದ ಪ್ಲಾಸ್ಟಿಕ್ಕಿನೊಳಗೆ ಇನ್ನೊಂದು ಬಣ್ಣದ್ದನ್ನು ಎರಕ ಹೊಯ್ದಿದ್ದಾರೆ. ಗುಂಡಿ ಸವೆದರೂ ಅಂಕಿ ಅಳಿಯುವುದಿಲ್ಲ. ಐವತ್ತು ವರ್ಷ ದಾಟಿದ ಈ ಯಂತ್ರಗಳನ್ನು ಜನ ಇನ್ನೂ ಒರೆಸಿ, ಬ್ಯಾಟರಿ ಬದಲಿಸಿ ಬಳಸುತ್ತಾರೆ. ಇದರ ಮನೆತನದ ಎಚ್‌ಪಿ-12ಸಿ ಎಂಬ ಹಣಕಾಸು ಯಂತ್ರ 1981ರಲ್ಲಿ ಬಂದದ್ದು, ಇವತ್ತಿಗೂ ಹೆಚ್ಚುಕಡಿಮೆ ಅದೇ ಮುಖದಲ್ಲಿ ಅಂಗಡಿಯಲ್ಲಿ ಸಿಗುತ್ತದೆ. 1982ರ ಎಚ್‌ಪಿ-15ಸಿ ನಿಂತುಹೋಗಿತ್ತು. ಅದು ಬೇಕೇ ಬೇಕು ಎಂದು ಇಷ್ಟಪಟ್ಟವರು ಎಷ್ಟಿದ್ದರೆಂದರೆ 2011ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಮತ್ತೆ ಮಾಡಿದರು. ಫೋನಿನಲ್ಲಿ ಎಲ್ಲ ಲೆಕ್ಕವೂ ಆಗುತ್ತದೆ, ನಿಜ. ಆದರೆ ಫೋನು ಲೆಕ್ಕದ ನಡುವೆ ಹತ್ತು ಕಡೆಗೆ ಕರೆಯುತ್ತದೆ. ಇದಕ್ಕೆ ಲೆಕ್ಕ ಬಿಟ್ಟರೆ ಬೇರೆ ಮಾತೇ ಗೊತ್ತಿಲ್ಲ, ಆ ಏಕಚಿತ್ತ ನನಗೆ ಇಷ್ಟ.

ಸರಿ, ಎದ್ದೇಳಿ, ಮರದ ಹತ್ತಿರ ಹೋಗೋಣ. ಕೋನಮಾಪಕದ ನಡುವಿನ ತೂತಿಗೆ ದಾರ ಕಟ್ಟಿ, ತುದಿಗೆ ಒಂದು ಕಲ್ಲು ಇಳಿಬಿಡಿ. ಒಬ್ಬರು ಅಂಚಿನ ಮೇಲಿಂದ ಮರದ ತುದಿ ನೋಡಿ, ಇನ್ನೊಬ್ಬರು 90ರ ಗೆರೆಯಿಂದ ದಾರ ಎಷ್ಟು ಡಿಗ್ರಿ ಸರಿದಿದೆ ಎಂದು ಎಣಿಸಿ. 52? ನನಗೂ ಅಷ್ಟೇ ಬಂದಿತ್ತು. ಈಗ ಒತ್ತಿ: 10 ಎಂಟರ್, 52 ಟ್ಯಾನ್, ಗುಣಿಸು. ಇದು ನಿಮ್ಮ ಕಣ್ಣಿನ ಮಟ್ಟದಿಂದ ಮೇಲಕ್ಕೆ ಆಯಿತು. ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿದೆ? 1.2 ಮೀಟರ್. ಅದನ್ನೂ ಕೂಡಿಸಿ.

ಏನೂ ಕಾಣುತ್ತಿಲ್ಲವೇ? ಬಿಸಿಲಿನಲ್ಲಿ ಈ ಕೆಂಪು ದೀಪ ಮಂಕಾಗುತ್ತದೆ. ಅಂಗೈ ಅಡ್ಡ ಹಿಡಿದು ನೆರಳು ಮಾಡಿ, ಎಲ್ಲರೂ ತಲೆ ಹತ್ತಿರ ತನ್ನಿ. ಹಾಂ, ಅಲ್ಲಿದೆ: 13.999 ಚಿಲ್ಲರೆ. ಹದಿನಾಲ್ಕು ಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಈಗ ಆ ಹಲಸಿನ ಮರಕ್ಕೆ ಹೋಗೋಣವೇ? ಈ ಸಲ ಕೋನ ನೋಡುವವರು ಯಾರು, ಗುಂಡಿ ಒತ್ತುವವರು ಯಾರು?